ಎಲೆಗೊಂದು ವರ್ಷ

ಗರಗಸ ಕೊಂಬೆಯ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ನೀಲಾ ಸೆರಗನ್ನು ಸೊಂಟಕ್ಕೆ ಇನ್ನೊಂದು ಸುತ್ತು ಬಿಗಿದು, ಎಡಗಾಲನ್ನು ಕವಲಿಗೆ ಒತ್ತಿಟ್ಟು, ಎರಡೂ ಕೈಯಿಂದ ಎಳೆದಳು. ಹಸಿ ಹೊಟ್ಟು ಮುಖಕ್ಕೆ ಹಾರಿತು. ಮಾವಿನ ಸೊನೆ ಮಣಿಕಟ್ಟಿಗೆ ಇಳಿದು ಆಗಲೇ ಸುಡತೊಡಗಿತ್ತು.

"ಇಳೀ ಕೆಳಗ," ಎಂದ ಗಂಡ ಚನವೀರ, ಏಣಿಯ ಬುಡದಲ್ಲಿ ನಿಂತು. "ಬೆಳಕ ಹರಿಯೂದ್ರಾಗ ಹೆಂಡ್ತಿ ಮರ ಏರಿ ಕುಂತಾಳಂದ್ರ ನನಗ ಮತ್ತ ಯಾರರೆ ಹೆಣ್ಣ ಕೊಡ್ತಾರೇನು?"

"ಒಬ್ರು ಕೊಟ್ಟಿದ್ದು ಸಾಕಾಗಿಲ್ಲೇನ್ರಿ? ಏಣಿ ಗಟ್ಟಿ ಹಿಡೀರಿ."

"ಅದು ಅಜ್ಜನ ಕೈ, ನೀಲಾ."

"ಗೊತ್ತೈತಿ."

"ಅಜ್ಜಿ ಇದ್ದಿದ್ರ ಏನಂತಿದ್ಲು?"

"ಗರಗಸದ ಆ ತುದಿ ಹಿಡೀತಿದ್ಲು."

ಚನವೀರ ಏಣಿಯನ್ನು ಗಟ್ಟಿಯಾಗಿ ಹಿಡಿದ. ಆಚೆ ಮರದ ಕಡೆ ಮೊದಲೇ ಕಡಿದಿದ್ದ ಕೊಂಬೆ ಒಮ್ಮೆ ನರಳಿ, ಸಿಗಿದು, ಎರಡು ಮರಗಳ ನಡುವಿನಿಂದ ಕೆಳಗೆ ಬಿತ್ತು. ಬಿದ್ದ ರಭಸಕ್ಕೆ ಅದರ ತುಂಬ ಇದ್ದ ಹೂಗೊಂಚಲು ಉದುರಿ, ತೇವದ ಮಣ್ಣಿನ ಮೇಲೆ ತಿಳಿಹಳದಿ ಹೊಟ್ಟು ಚೆಲ್ಲಿದಂತೆ ಹರಡಿತು. ಆಷಾಢದ ಗಾಳಿ ಬೀಸುತ್ತಿತ್ತು. ಈ ಗಾಳಿಯಲ್ಲಿ ಮಾವಿನ ಮರ ಹೂ ಬಿಡಬಾರದು. ಅದರಲ್ಲೂ ಈ ಮರ ಬಿಡಲೇಬಾರದಿತ್ತು.

ಮುಗಳಿಕೊಪ್ಪದ ಈ ತೋಟದ ನಟ್ಟನಡುವೆ ನಿಂತಿದ್ದ ಅದನ್ನು ಮನೆಯವರು ಹಿರೀಮರ ಎನ್ನುತ್ತಿದ್ದರು. ತೋಟದ ಎಲ್ಲ ಆಪೂಸಿನ ಮರಗಳೂ ಅದರ ಕಡ್ಡಿಯಿಂದ ಕಸಿ ಕಟ್ಟಿದವು. ಮನೆಯಲ್ಲಿ ಮದುವೆಯಾದಾಗಲೆಲ್ಲ ಮದುಮಕ್ಕಳು ಊಟಕ್ಕೆ ಕೂಡುವ ಮೊದಲು ತೋಟಕ್ಕೆ ಬರಬೇಕು. ಪಕ್ಕಪಕ್ಕದ ಎರಡು ಮರಗಳಿಂದ ಒಂದೊಂದು ಕೊಂಬೆ ಆರಿಸಿ, ಸಿಪ್ಪೆ ಕೆತ್ತಿ, ಗಾಯಕ್ಕೆ ಗಾಯ ಸೇರಿಸಿ, ಸೆಗಣಿ ಮೆತ್ತಿ ಗೋಣಿನಾರಿನಿಂದ ಕಟ್ಟಬೇಕು. ಇದಕ್ಕೆ ಕೈ ಹಿಡಿಸುವುದು ಎಂದು ಹೆಸರು. ದಂಪತಿಗಳ ಮೊದಲ ಕೂಸು ಅಂಬೆಗಾಲಿಡುವ ಹೊತ್ತಿಗೆ ಎರಡು ಕೊಂಬೆ ಒಂದಾಗಿರುತ್ತಿದ್ದವು. ನಾಲ್ಕು ತಲೆಮಾರಿನ ಮದುವೆಗಳು ತೋಟದ ತುಂಬ ಹೀಗೆ ಕೈಕೈ ಹಿಡಿದು ನಿಂತಿದ್ದವು. ನೀಲಾ ಮತ್ತು ಚನವೀರ ಕಟ್ಟಿದ ಕೈ ಹಿರೀಮರದ ಪಡುವಣ ಕಡೆ ಇತ್ತು.

"ಮುಂದಿಂದು ಯಾವ್ದು?" ಎಂದು ಚನವೀರ ಕೇಳಿದ, ಗೊತ್ತಿದ್ದೂ.

ನೀಲಾ ಏಣಿ ಇಳಿದು ಗರಗಸವನ್ನು ಸೆರಗಿನಿಂದ ಒರೆಸಿದಳು. "ಡ್ಯೂಟಿಗೆ ಹೊತ್ತಾತು. ಸಂಜೀಕ ನೋಡೂಣು."

*

ನೀಲಾ ಕೆಲಸ ಮಾಡುತ್ತಿದ್ದುದು ಧಾರವಾಡದ ಹೊರಗೆ, ಋತುಮಾನ ಎಂಬ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ. ಕಿಟಕಿಯಿಲ್ಲದ ಆ ಕೋಣೆಯ ಒಂದು ಗೋಡೆಯ ತುಂಬ ನಾಲ್ಕು ಜಿಲ್ಲೆಗಳ ನಕಾಶೆ. ಪ್ರತಿ ತೋಟಕ್ಕೂ ಒಂದು ಚುಕ್ಕೆ. ಹಸಿರು ಚುಕ್ಕೆ ಎಂದರೆ ಮರಗಳು ಸುಮ್ಮನಿವೆ, ಹಳದಿ ಎಂದರೆ ಹೂ, ಕೆಂಪು ಎಂದರೆ ಕಾಯಿ. ಪೇಟೆಯಿಂದ ಬೇಡಿಕೆ ಬಂದಂತೆ ಯಾವ ತೋಟ ಯಾವ ವಾರ ಹೂ ಬಿಡಬೇಕು ಎಂದು ತೀರ್ಮಾನಿಸಿ ಗುಂಡಿ ಒತ್ತುವುದು ಅವಳ ಕೆಲಸ. ಹೊಸಬರು ಬಂದಾಗ ಅವಳು ಸಸ್ಯಶಾಸ್ತ್ರವನ್ನು ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು: ಎಲೆ ಬರೆಯುತ್ತದೆ, ಮೊಗ್ಗು ಓದುತ್ತದೆ.

ಮಾವಿನ ಎಲೆಯೊಳಗೆ ಒಂದು ಜೀನು ಇದೆ. ಚಳಿಯ ರಾತ್ರಿಗಳು ಸಾಲಾಗಿ ಬಂದರೆ ಅದು ಎಚ್ಚರಗೊಂಡು ಒಂದು ಪ್ರೋಟೀನನ್ನು ತಯಾರಿಸುತ್ತದೆ. ಆ ಪ್ರೋಟೀನೇ ಎಲೆ ಕಳಿಸುವ ಸುದ್ದಿ. ಅದು ರಸದಲ್ಲಿ ತೇಲಿ ಕೊಂಬೆಯ ತುದಿಯ ಮೊಗ್ಗು ಮುಟ್ಟಿದರೆ, ಎಲೆಯಾಗಬೇಕಿದ್ದ ಮೊಗ್ಗು ಹೂವಾಗುತ್ತದೆ. ಇನ್ನೊಂದು ಜೀನು ಇದಕ್ಕೆ ತಡೆ. ಈಗ ಬೇಡ, ಇನ್ನೂ ಎಲೆಯೇ ಇರಲಿ ಎಂದು ಅದು ಹಿಡಿದಿಡುತ್ತದೆ. ಸುದ್ದಿ ಮತ್ತು ತಡೆ, ಈ ಎರಡರ ಜಗ್ಗಾಟವೇ ಮರದ ವರ್ಷ. ಆದರೆ ಧಾರವಾಡದ ರಾತ್ರಿಗಳು ಬೆಚ್ಚಗಾದವು. ಪುಷ್ಯಮಾಸದಲ್ಲೂ ಜನ ಫ್ಯಾನು ಹಾಕಿಕೊಂಡು ಮಲಗಿದರು. ಎಲೆ ಬರೆಯುವುದನ್ನೇ ಬಿಟ್ಟಿತು, ತೋಟಗಳು ವರ್ಷಗಟ್ಟಲೆ ಬಂಜೆಯಾಗಿ ನಿಂತವು. ಆಗ ಬಂದದ್ದು ಪಟ್ಟಿ. ಮರದ ಬೊಡ್ಡೆಗೆ ಬಿಗಿಯುವ ಅಂಗೈಯಗಲದ ಪಟ್ಟಿ. ಒಳಗೆ ಕೂದಲಿಗಿಂತ ಸಣ್ಣ ಸೂಜಿಗಳು. ಕೊಠಡಿಯಿಂದ ಗುಂಡಿ ಒತ್ತಿದರೆ ಅವು ತಡೆಯ ಬಾಯಿ ಕಟ್ಟಿ ಸುದ್ದಿಯ ಬಾಯಿ ಬಿಡಿಸುವ ದ್ರವವನ್ನು ಮರದೊಳಕ್ಕೆ ಇಳಿಸುತ್ತಿದ್ದವು. ವರ್ಷಕ್ಕೆ ಮೂರು ಬೆಳೆ. ದೀಪಾವಳಿಗೂ ಮಾವಿನ ಸೀಕರಣೆ.

ಜನ ಇದಕ್ಕೆ ಎಷ್ಟು ಬೇಗ ಒಗ್ಗಿಕೊಂಡರೆಂದರೆ, ಮಾವು ಬೇಸಿಗೆಯ ಹಣ್ಣಂತೆ ಎಂದು ಹೇಳಿದರೆ ಶಾಲೆಯ ಮಕ್ಕಳು ನಗುತ್ತಿದ್ದರು.

ಮ್ಯಾನೇಜರ್ ಪ್ರಹ್ಲಾದ ಕಟ್ಟಿ ಕಾಫಿ ಹಿಡಿದು ಬಂದರು. ನೀಲಾಳನ್ನು ಕೆಲಸಕ್ಕೆ ಸೇರಿಸಿಕೊಂಡವರೂ ಅವರೇ, ಕಲಿಸಿದವರೂ ಅವರೇ.

"ಸರ್, ನಮ್ಮ ಹಿರೀಮರ ಹೂ ಬಿಟ್ಟೈತಿ. ಅದಕ್ಕ ಪಟ್ಟಿ ಕಟ್ಟಿಲ್ಲ."

"ಅಭಿನಂದನೆ. ಕಂಪನಿಯವರ ಮುಂದ ಹೇಳಬ್ಯಾಡ್ರಿ, ಬಿಲ್ ಕಳಿಸ್ಯಾರು."

"ನಗೂ ಮಾತಲ್ಲ ಸರ್. ಎಲಿ ಪರೀಕ್ಷಾ ಮಾಡೀನಿ. ನಮ್ಮ ಪಟ್ಟಿಯ ಗುರುತು ಅದರಾಗ ಐತಿ. ಸುತ್ತಲ ಮರಗಳಿಂದ ಹೋಗೈತಿ."

"ಹ್ಯಾಂಗ ಹೋಗ್ತದ? ಮರದಿಂದ ಮರಕ್ಕ ಹಾರ್ತದೇನು? ಪಟ್ಟಿ ಕಟ್ಟೂ ಮೊದಲ ಎಲ್ಲಾ ತೋಟ ತಪಾಸಣೆ ಆಗ್ಯಾವ. ಮರಾ ಎಲ್ಲಾ ಬ್ಯಾರೆ ಬ್ಯಾರೆ ನಿಂತಾವಂತ ವರದಿ ಅದ. ನಿಮ್ಮ ತೋಟದ ವರದಿಗೆ ಸಹಿ ಹಾಕಿದವರು ಯಾರು?"

"ನಾನ."

ಕಟ್ಟಿ ಕಾಫಿಯ ಲೋಟವನ್ನು ಕೆಳಗಿಟ್ಟರು.

ನೀಲಾಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ತೋಟದ ಸಾಲುಗಳ ನಡುವೆ ಟೇಪು ಹಿಡಿದು ಅಳೆದಿದ್ದಳು. ತಲೆಯ ಮೇಲೆ ಕೈಹಿಡಿದ ಕೊಂಬೆಗಳು ಇದ್ದವು. ಅವುಗಳ ಕೆಳಗೇ ನಿಂತು, ಮರಗಳು ಪ್ರತ್ಯೇಕವಾಗಿವೆ ಎಂದು ಬರೆದಿದ್ದಳು. ಕಸಿ ಎಂದರೆ ಏನು, ರಸ ಹೇಗೆ ಹರಿಯುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವಳು. ಆದರೆ ಅರಿಸಿನದ ಕೈಯಿಂದ ತಾನೇ ಕಟ್ಟಿದ ಗಂಟು ಅವಳಿಗೆ ಮದುವೆಯ ಶಾಸ್ತ್ರವಾಗಿತ್ತೇ ಹೊರತು ಕಸಿಯಾಗಿರಲಿಲ್ಲ. ಶಾಸ್ತ್ರವನ್ನು ಯಾರಾದರೂ ತಾಂತ್ರಿಕ ವರದಿಯಲ್ಲಿ ಬರೆಯುತ್ತಾರೆಯೇ?

"ಹೂ ಬಿಟ್ರ ಏನಾತು?" ಎಂದರು ಕಟ್ಟಿ, ಮೆಲ್ಲಗೆ. "ಹಣ್ಣು ಬರ್ತಾವ."

"ಒಂದೂ ಎಲಿಮೊಗ್ಗಿಲ್ಲ ಸರ್. ಎಲ್ಲಾ ತುದೀನೂ ಹೂವ. ಹಳೇ ಎಲಿ ಉದರಾಕ ಹತ್ಯಾವ, ಹೊಸಾವು ಬರವಲ್ವು. ಎಲಿ ಇಲ್ಲಂದ್ರ ಮರ ಏನ್ ತಿಂದ ಬದುಕಬೇಕು? ಪಟ್ಟಿ ಕಟ್ಟಿದ ಮರಗಳನ್ನ ಬಂದ ನೋಡ್ರಿ, ಅರ್ಧ ಬೋಳಾಗ್ಯಾವ. ನಕಾಶಿ ಮ್ಯಾಲ ಮಾತ್ರ ಹಳದಿ ಚುಕ್ಕಿ ಛಂದ ಕಾಣತೈತಿ."

"ಅದಕ್ಕ ಪರಿಹಾರ ಬರಲಿಕ್ಕತ್ತದ. ಶ್ರಾವಣದ ತನಕ ತಡೀರಿ," ಎಂದು ಕಟ್ಟಿ ಎದ್ದುಹೋದರು.

*

ಸಂಜೆ ಅತ್ತೆ ಬಾಳವ್ವ ಅಂಗಳದಲ್ಲಿ ರೊಟ್ಟಿ ಬಡಿಯುತ್ತ ಗರಗಸದ ಕಡೆ ನೋಡಿದಳು. ಅದು ಕಟ್ಟೆಗೆ ಒರಗಿಕೊಂಡಿತ್ತು.

"ನಮ್ಮ ಮಾವನ ಕೈ ಮುಗೀತು. ಈಗ ನಂದೇನು?"

"ಹೌದ್ರಿ ಅತ್ತಿ. ಆಮ್ಯಾಲ ನಮ್ದು."

"ಕಡಿ. ನಿಮ್ಮ ಮಾವ ಆ ದಿನ ಗಂಟು ಹಾಕಾಕ ಬರ್ದ ಮೂರ ಸಲ ಬಿಚ್ಚಿದ್ದ. ಕೆಳಗ ನಿಂತ ಮಂದಿ ನಕ್ಕಿದ್ದ ನಕ್ಕಿದ್ದು." ಬಾಳವ್ವನ ಕೈ ರೊಟ್ಟಿಯ ಮೇಲೆ ನಿಂತಿತು. "ಕಡದ್ರ ಹಿರೀಮರ ಉಳೀತೈತೇನು? ಅಷ್ಟ ಹೇಳು."

ಹಿರೀಮರ ಉಳಿಯಬೇಕಿತ್ತು. ಹೂಬಿಡುವ ಹುಚ್ಚು ಹಿಡಿದ ಮರದ ಕಡ್ಡಿ ತೆಗೆದು ಕಸಿ ಕಟ್ಟಿದರೆ ಅಂಗೈಯಷ್ಟು ಸಸಿಯೂ ಹೂ ಬಿಟ್ಟು ಒಣಗುತ್ತದೆ. ಸುತ್ತಲಿನ ಮರಗಳೆಲ್ಲ ಹಾಗಾಗಿದ್ದವು. ಹೊಸ ಸಸಿಗೆ ಕಡ್ಡಿ ಕೊಡಬಲ್ಲ ಮರ ಇದೊಂದೇ ಉಳಿದಿತ್ತು. ಅದಕ್ಕೆಂದೇ ಚನವೀರ, ಕಂಪನಿಯವರು ಎಷ್ಟು ಹೇಳಿದರೂ ಅದಕ್ಕೆ ಪಟ್ಟಿ ಕಟ್ಟಲು ಬಿಟ್ಟಿರಲಿಲ್ಲ. ಇದು ಹೋದರೆ ಈ ತೋಟಕ್ಕೆ ಮುಂದೆ ಪೀಳಿಗೆಯಿಲ್ಲ.

ನೀಲಾ ತೋಟಕ್ಕೆ ನಡೆದಳು. ಬೆಳಿಗ್ಗೆ ಕಡಿದ ಕೊಂಬೆಯ ಎರಡು ಮೊಂಡುಗಳು ಎದುರುಬದರು ಚಾಚಿಕೊಂಡಿದ್ದವು. ಏಣಿ ಹತ್ತಿ ಅವನ್ನು ಬೆರಳಿನಿಂದ ಮುಟ್ಟಿದಳು. ಹಿರೀಮರದ ಕಡೆಯ ಮೊಂಡಿನಿಂದ ಸೊನೆ ಇನ್ನೂ ಜಿನುಗುತ್ತಿತ್ತು. ಪಟ್ಟಿ ಕಟ್ಟಿದ ಮರದ ಕಡೆಯದು ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಮಣಿಕಟ್ಟಿನ ಸುಟ್ಟ ಗುರುತು ನೋಡಿಕೊಂಡಳು. ಆ ಸೊನೆ ಬಂದದ್ದು ಒಂದೇ ಕಡೆಯಿಂದ.

"ರೀ," ಎಂದು ಕೂಗಿದಳು. ಚನವೀರ ಬಂದ.

"ರಸ ಇದ್ದಲ್ಲಿಂದ ಇಲ್ಲದಲ್ಲಿಗೆ ಹರೀತೈತಿ. ಎಲಿ ತುಂಬಿದ ಕೊಂಬಿ ಉಣಸತೈತಿ, ಬೋಳ ಕೊಂಬಿ ಉಣ್ಣತೈತಿ. ಹೋದ ವರ್ಷ ಹಿರೀಮರ ಎಳೇ ಚಿಗುರು ಬಿಟ್ಟಾಗ ಈ ಮರಗಳಿಗೆ ಎಲಿ ಇದ್ವು. ಆಗ ಅದು ಇವುಗಳಿಂದ ಉಂಡೈತಿ. ಉಣ್ಣುವಾಗ ಪಟ್ಟಿಯ ಸುದ್ದಿನೂ ಉಂಡೈತಿ. ಈಗ ಇವು ಬೋಳು. ಈಗ ಅದ ಇವುಗಳಿಗೆ ಉಣಸಾಕ ಹತ್ತೈತಿ."

"ಅಂದ್ರ ನಾವು ಮುಂಜಾನೆ ಕಡದದ್ದು..."

"ಮುದುಕಿ ಮೊಮ್ಮಕ್ಕಳಿಗೆ ತುತ್ತು ಕೊಡೂ ಕೈ."

ಚನವೀರ ಏಣಿಗೆ ಒರಗಿದ. "ನನಗ ಇಷ್ಟೆಲ್ಲಾ ತಿಳಿದಿರಲಿಲ್ಲ. ಬರೇ ಹೊಟ್ಟಿ ಉರೀತಿತ್ತು," ಎಂದ.

"ಕಡಿಯೂದು ಬ್ಯಾಡ, ಕಡದ್ರ ಇವು ಉಪವಾಸ ಬೀಳತಾವ. ಪಟ್ಟಿ ಬಿಚ್ಚೂಣು. ಎಲ್ಲಾ."

"ಬಿಚ್ಚಿದ ಮ್ಯಾಲ? ಚಳಿ ಎಲ್ಲೈತಿ ಹೂ ಬಿಡಾಕ? ಮತ್ತ ಬಂಜಿ ತೋಟಾನ ಆಗೂದಲ್ಲೇನು?"

ಇದಕ್ಕೆ ಉತ್ತರ ಇರಬಹುದಾದ ಒಂದು ಜಾಗ ಅವಳಿಗೆ ಗೊತ್ತಿತ್ತು. 

*

ಕಂಪನಿಯ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ, ಹೆಪ್ಪುಗಟ್ಟಿಸುವ ಪೆಟ್ಟಿಗೆಯ ಅಡಿಯಲ್ಲಿ, ಪಟ್ಟಿ ಬರುವ ಮೊದಲಿನ ಚಳಿಗಾಲದ ಎಲೆಗಳಿದ್ದವು. ಹೋಲಿಕೆಗೆ ಇರಲಿ ಎಂದು ತೆಗೆದಿಟ್ಟವು. ಆಮೇಲೆ ಯಾರೂ ಅವನ್ನು ಕೇಳಿರಲಿಲ್ಲ. ನೀಲಾ ಹಿರೀಮರದ ಕೊಳವೆಗಳನ್ನು ಹುಡುಕಿ ತೆಗೆದಳು. ಅದು ಬೆಚ್ಚನೆಯ ವರ್ಷ. ಎಲೆಯಲ್ಲಿ ಸುದ್ದಿ ಇರಬಾರದು.

ಎಳೆಯ ಎಲೆಗಳಲ್ಲಿ ಇರಲಿಲ್ಲ. ಆದರೆ ಒಂದು ಕೊಳವೆಯಲ್ಲಿ ಕಪ್ಪು ಹಸಿರಿನ, ಚರ್ಮದಂತೆ ದಪ್ಪಗಾದ ಎಲೆಯ ಚೂರಿತ್ತು. ಯಂತ್ರದ ಪರದೆಯಲ್ಲಿ ಅದರ ಸುದ್ದಿಯ ಗೆರೆ ಮೇಲೇರಿತು. ಸಣ್ಣದು, ಆದರೆ ಸ್ಪಷ್ಟ. ನೀಲಾ ಪರೀಕ್ಷೆಯನ್ನು ಮತ್ತೆ ಮಾಡಿದಳು. ಊಟ ಬಿಟ್ಟು ಇನ್ನೊಮ್ಮೆ ಮಾಡಿದಳು. ಗೆರೆ ಮತ್ತೆ ಏರಿತು.

ಚಳಿಯಿಲ್ಲದೆಯೂ ಎಲೆ ಬರೆದಿತ್ತು. ವಯಸ್ಸಾದ ಎಲೆ.

ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಹಾಗಾದರೆ ಮರಕ್ಕೆ ಎರಡು ದಾರಿ ಗೊತ್ತಿತ್ತು. ಚಳಿ ಬಂದರೆ ಹರೆಯದ ಎಲೆಯೂ ಬರೆಯುತ್ತದೆ. ಚಳಿ ಬಾರದಿದ್ದರೆ ಎಲೆ ಮುಪ್ಪಾಗುವವರೆಗೆ ಕಾಯಬೇಕು, ಆಗ ತಾನಾಗಿ ಬರೆಯುತ್ತದೆ. ಕಾದವರು ಯಾರು? ಹೂ ಬರಲಿಲ್ಲ ಎಂದ ಕೂಡಲೆ ಊರಿಗೆ ಊರೇ ಗಾಬರಿಯಾಗಿ ಮರಗಳಿಗೆ ನೀರು ಹಾಯಿಸಿತು, ಗೊಬ್ಬರ ಸುರಿಯಿತು. ಅವಳ ಮನೆಯವರೂ ಸುರಿದರು. ಮರ ಹಸಿರು ಚಿಗುರೊಡೆಯಿತು, ಎಲೆಗಳೆಲ್ಲ ಮತ್ತೆ ಕೂಸಾದವು. ಅಕ್ಷರ ಬಾರದ ಕೂಸಿಗೆ ಪತ್ರ ಬರೆ ಎಂದು ಕೂತಂತೆ. ಆಮೇಲೆ ಪಟ್ಟಿ ಬಂತು, ಎಲೆ ಹುಟ್ಟುವುದೇ ನಿಂತಿತು.

ಒಂದು ವರ್ಷ ಬರೀ ಎಲೆ ಬೇಕು. ಅದು ಚಿಗುರಬೇಕು, ಬಲಿಯಬೇಕು, ನೀರಿಲ್ಲದೆ ಗೊಬ್ಬರವಿಲ್ಲದೆ ಮುಪ್ಪಾಗಬೇಕು. ಆಮೇಲೂ ಹೂ ಬರುತ್ತದೆಂಬ ಖಾತ್ರಿಯಿಲ್ಲ. ಒಂದು ಕೊಳವೆಯ ಒಂದು ಎಲೆಯ ಸಾಕ್ಷಿ ಅಷ್ಟೆ. ಆದರೆ ಹಿರೀಮರ ಬರೆದರೆ, ಕೈ ಹಿಡಿದ ಮರಗಳೂ ಓದುತ್ತವೆ.

ಆ ಸಂಜೆ ಅವಳು ಇದನ್ನು ಊಟಕ್ಕೆ ಕೂತಾಗ ಹೇಳಿದಳು. ಚನವೀರ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡ.

"ಪಟ್ಟಿ ಬಿಚ್ಚಿದ್ರ ನಿನ್ನ ನೌಕರಿ?"

"ಹೋಗತೈತಿ."

"ಬೆಳಿ?"

"ಎರಡ ವರ್ಷರೆ ಇಲ್ಲ. ಮೂರೂ ಆಗಬಹುದು."

"ಹಿರೀಮರ ಅಷ್ಟೊತ್ತನ ತಾಳತೈತೇನು?"

"ಗೊತ್ತಿಲ್ರಿ."

ಬಾಳವ್ವ ಪಲ್ಯದ ಪಾತ್ರೆಯನ್ನು ಮಗನ ಕಡೆ ಸರಿಸಿದಳು. "ಮರ ಬೋಳಾಗ್ಯಾವಲ್ಲ, ಬಿಸಲು ನೆಲಕ್ಕ ಬೀಳತೈತಿ. ಸಾಲಿನ ನಡಬರಕ ಸೇಂಗಾ ಹಾಕು. ನೀರು ಬೇಡಂಗಿಲ್ಲ. ನಾ ಮದಿವ್ಯಾಗಿ ಬಂದಾಗ ಈ ಮನಿ ಸೇಂಗಾದ ಮ್ಯಾಲ ನಿಂತಿತ್ತು, ಮಾವಿನ ಮ್ಯಾಲಲ್ಲ."

"ದೀಪಾವಳಿಗೆ ಸೀಕರಣೆ ಇಲ್ಲವಾ ಮತ್ತ," ಎಂದ ಚನವೀರ.

"ಸೇಂಗಾ ಹೋಳಿಗಿ ತಿನ್ನು. ಹಲ್ಲ ಅದಾವಿಲ್ಲೋ?"

ಚನವೀರ ನಕ್ಕ. ಆಮೇಲೆ ನಗು ನಿಲ್ಲಿಸಿ ಹೆಂಡತಿಯನ್ನು ನೋಡಿ, "ಬೋಲ್ಟು ಬಿಚ್ಚೂ ಪಾನಾ ಎಲ್ಲಿಟ್ಟೀನಿ ನಾ?" ಎಂದು ಎದ್ದ.

ಮರುದಿನ ಇಬ್ಬರೂ ತೋಟದ ಒಂದೊಂದು ತುದಿಯಿಂದ ಶುರುಮಾಡಿದರು. ಬೋಲ್ಟುಗಳು ತುಕ್ಕು ಹಿಡಿದಿದ್ದವು. ಪಟ್ಟಿ ಬಿಚ್ಚಿದ ಪ್ರತಿ ಮರದ ಸುತ್ತಲೂ ಸಿಪ್ಪೆ ಬೆಳ್ಳಗೆ, ಬಹಳ ದಿನ ಬಿಗಿದ ಬಳೆ ತೆಗೆದ ಕೈಯಂತೆ ಕಾಣುತ್ತಿತ್ತು. ನಿಯಂತ್ರಣ ಕೊಠಡಿಯ ನಕಾಶೆಯ ಮೇಲೆ ಮುಗಳಿಕೊಪ್ಪದ ಚುಕ್ಕೆ ಮಿನುಗಿ, ಎಚ್ಚರಿಕೆಯ ಸದ್ದು ಮಾಡಿ, ಆರಿಹೋಯಿತು. ಅದನ್ನು ನೋಡಬೇಕಾಗಿದ್ದವಳು ಮಾತ್ರ ಅಲ್ಲಿರಲಿಲ್ಲ. ಪಾನಾ ಹಿಡಿದು ಹಿರೀಮರದ ಪಕ್ಕದ ಮರದ ಬುಡದಲ್ಲಿ ಕೂತಿದ್ದಳು.

*

ಶ್ರಾವಣದಲ್ಲಿ ಕಟ್ಟಿ ಬಂದರು. ಕಾರನ್ನು ರಸ್ತೆಯಲ್ಲೇ ಬಿಟ್ಟು, ಸೇಂಗಾದ ಸಾಲು ತುಳಿಯದಂತೆ ಪ್ಯಾಂಟು ಮಡಚಿಕೊಂಡು ನಡೆದು ಬಂದರು. ಬಗಲಲ್ಲಿ ಒಂದು ಡಬ್ಬಿ ಇತ್ತು. ಹಿರೀಮರದ ಕೆಳಗೆ ಹೊರಸು ಹಾಕಿತ್ತು. ಕೂತು ಮೇಲೆ ನೋಡಿದರು. ಹೂವು ಉದುರಿ ಹೋಗಿತ್ತು. ಎಲೆಗಳಲ್ಲಿ ಅರ್ಧವೂ ಉಳಿದಿರಲಿಲ್ಲ. ಕೊಂಬೆಗಳ ನಡುವೆ ಮೋಡ ಕಾಣುತ್ತಿತ್ತು. ಹೊಸ ಚಿಗುರು ಎಲ್ಲಿಯೂ ಇರಲಿಲ್ಲ.

"ಭಾಳ ಸೊರಗ್ಯದ," ಎಂದರು. ಅವರ ದನಿಯಲ್ಲಿ ನಿಜವಾದ ನೋವಿತ್ತು.

ಬಾಳವ್ವ ಚಹಾ ತಂದಿಟ್ಟಳು. ಚನವೀರ ಸ್ವಲ್ಪ ದೂರದಲ್ಲಿ ಕಳೆ ಕೀಳುತ್ತ, ಕೇಳಿಸುವಷ್ಟು ಹತ್ತಿರಕ್ಕೆ ಸರಿದ.

"ನೀವು ಹೇಳಿದ್ದು ಖರೇ ಅದ," ಎಂದರು ಕಟ್ಟಿ. "ಎಲ್ಲಾ ತೋಟಗಳಲ್ಲೂ ಎಲಿ ಹೋಗಲಿಕ್ಕತ್ತಾವ. ಅದಕ್ಕ ಇದು ಬಂದದ." ಡಬ್ಬಿ ತೆರೆದರು. ಹೊಸ ಪಟ್ಟಿ ಹಳೆಯದಕ್ಕಿಂತ ತೆಳ್ಳಗೆ, ಎಳೆಯ ಎಲೆಯ ತಾಮ್ರದ ಬಣ್ಣಕ್ಕಿತ್ತು. "ಇದು ತಡೀನೂ ಕೊಡ್ತದ, ಸುದ್ದೀನೂ ಕೊಡ್ತದ. ಎಲಿಗಾಲ ಬೇಕಂದ್ರ ಎಲಿಗಾಲ, ಹೂಗಾಲ ಬೇಕಂದ್ರ ಹೂಗಾಲ. ಇವತ್ತ ಕಟ್ಟಿದ್ರ ಶ್ರಾವಣ ಮುಗಿಯೂದ್ರಾಗ ಈ ಮರ ಚಿಗೀತದ. ಇದು ನನ್ನ ಮಾತು."

ನೀಲಾ ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ಕೆಲಸ ಅಚ್ಚುಕಟ್ಟಾಗಿತ್ತು. ಸೂಜಿಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಇದು ಕೆಲಸ ಮಾಡುತ್ತದೆಂದು ಅವಳಿಗೆ ಅನುಮಾನವಿರಲಿಲ್ಲ.

"ಎಲಿ ಎಷ್ಟ ದಿನ ಇರತೈತಿ ಸರ್?"

"ಬೇಕಾದಷ್ಟ ದಿನ."

"ಯಾರಿಗೆ ಬೇಕಾದಷ್ಟು?"

ಕಟ್ಟಿ ಸುಳ್ಳು ಹೇಳುವ ಮನುಷ್ಯನಲ್ಲ. "ಪ್ಯಾಟಿ ನೋಡಿ ಕೊಠಡಿಯವರು ತೀರ್ಮಾನ ಮಾಡ್ತಾರ. ಆದ್ರ ನೀವು ನೌಕರಿಗೆ ತಿರುಗಿ ಬಂದ್ರ ಆ ಕೊಠಡಿಗೆ ಮುಖ್ಯಸ್ಥರು ನೀವ. ಮ್ಯಾಲಿನವರಿಗೆ ಹೇಳಿ ಒಪ್ಪಿಸಿ ಬಂದೀನಿ. ನಾಲ್ಕೂ ಜಿಲ್ಲೆಯ ಮರಗಳಿಗೆ ಯಾವಾಗ ವಿಶ್ರಾಂತಿ ಕೊಡಬೇಕಂತ ನೀವು ಹೇಳ್ರಿ. ನಿಮಗಿಂತ ಮರದ ಮ್ಯಾಲ ಕರುಣೆ ಇದ್ದವರು ಯಾರ ಸಿಗ್ತಾರ?"

"ಆ ಎಲಿ ತಾನಾಗಿ ಬರೀತೈತೇನು?"

"ಬರಿಯೂ ಅಗತ್ಯ ಏನದ? ನಾವು ಬರೀತೀವಲ್ಲ."

ಗಾಳಿಗೆ ಹಿರೀಮರದಿಂದ ಒಂದು ಎಲೆ ಕಳಚಿ ಹೊರಸಿನ ಮೇಲೆ ಬಿತ್ತು. ಚನವೀರನ ಕೈ ಕಳೆಯ ಮೇಲೆ ನಿಂತಿತ್ತು. ಪಡುವಣ ಕಡೆ, ನೀಲಾ ಮತ್ತು ಚನವೀರ ಮದುವೆಯ ದಿನ ಕಟ್ಟಿದ ಕೈ, ಗಂಟಿನ ಜಾಗದಲ್ಲಿ ಉಬ್ಬಿಕೊಂಡು, ಎಲೆಯಿದ್ದ ಮರವನ್ನೂ ಎಲೆಯಿಲ್ಲದ ಮರವನ್ನೂ ಹಿಡಿದುಕೊಂಡಿತ್ತು.

"ಉಳಿದ ತೋಟ ಇರ್ಲಿ," ಎಂದರು ಕಟ್ಟಿ. "ಈ ಒಂದು ಮರಕ್ಕರೆ ಕಟ್ರಿ. ರೊಕ್ಕ ಬ್ಯಾಡ, ಕರಾರು ಬ್ಯಾಡ. ಈ ವರ್ಷ ಸತ್ತಹೋದ್ರ ನಿಮ್ಮ ಹಠಕ್ಕ ಸತ್ತಂಗ ಆಗ್ತದ ನೀಲಾ. ಒಂದ ಸಲ. ಚಿಗತ ಮ್ಯಾಲ ಬಿಚ್ಚಿ ಒಗೀರಿ."

"ಚಿಗತ ಮ್ಯಾಲ ಬಿಚ್ಚಾಕ ನನಗ ಧೈರ್ಯ ಇರಂಗಿಲ್ಲ ಸರ್," ಎಂದಳು ನೀಲಾ. ಪಟ್ಟಿಯನ್ನು ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಅವರ ತೊಡೆಯ ಮೇಲಿಟ್ಟಳು.

"ಬ್ಯಾಡ."